ಮಲ್ಲಯ್ಯನ ಹಾದಿಗೆ ಎರಡನೇ ಜೋಡಿ

ಮಲ್ಲಯ್ಯನ ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ಎರಡು ಜೋಡಿ ಬೇಕು ಎಂಬುದು ನನ್ನ ಸಿದ್ಧಾಂತ. ಹಗಲಿಗೆ ಬೂಟು, ರಾತ್ರಿಗೆ ಬೇರೆ. ಯುಗಾದಿ ಹತ್ತಿರ ಬಂದಾಗ ಮುಗಳಖೋಡದಿಂದ ಹೊರಟು, ಕಾದ ಡಾಂಬರಿನ ಮೇಲೆ ದಿನವೆಲ್ಲ ನಡೆದು, ಸಂಜೆ ಯಾವುದೋ ಊರಿನ ಶಾಲೆಯ ಕಟ್ಟೆಯ ಮೇಲೆ ಬೂಟು ಕಳಚಿದರೆ ಪಾದಗಳು ಮತ್ತೆ ಅದರೊಳಗೆ ಹೋಗಲು ಸುತಾರಾಂ ಒಪ್ಪುವುದಿಲ್ಲ. ಬೊಬ್ಬೆ ಒಡೆದಿರುತ್ತವೆ, ಬೆರಳು ಬಾತಿರುತ್ತವೆ. ಆದರೂ ನಳದ ತನಕ ಹೋಗಬೇಕು, ಪ್ರಸಾದದ ಪಾಳಿಗೆ ನಿಲ್ಲಬೇಕು, ನಸುಕಿನಲ್ಲಿ ತಂಬಿಗೆ ಹಿಡಿದು ಜಾಲಿಮುಳ್ಳಿನ ಬಯಲಿಗೆ ಹೋಗಬೇಕು. ಆ ಹೊತ್ತಿನ ಜೋಡಿ ಹಗುರ ಇರಬೇಕು. ಯಾಕೆಂದರೆ 500 ಕಿಲೋಮೀಟರ್ ಮಿಕ್ಕಿದ ಹಾದಿಯಲ್ಲಿ ಹಗಲೆಲ್ಲ ಅದು ನಮ್ಮನ್ನು ಹೊರುವುದಿಲ್ಲ, ನಾವೇ ಅದನ್ನು ಹೊರಬೇಕು.

ಹೆಗಲ ಮೇಲೆ ಹೊರುವ ಮಲ್ಲಯ್ಯನ ಕಂಬಿಯ ಜೊತೆ ಬರುವವರಲ್ಲಿ ಎಷ್ಟೋ ಜನ ಬರಿಗಾಲಿನವರು. ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯ ಹುಡುಗರೂ ಇದ್ದಾರೆ. ಅಂಥವರ ನಡುವೆ ನಿಂತು ‘ರಾತ್ರಿಗೆ ಯಾವ ಚಪ್ಪಲ್ ಛಲೋ?’ ಎಂದು ಕೇಳಲು ಒಂದು ಬಗೆಯ ಧೈರ್ಯ ಬೇಕು. ನನಗದು ಹುಟ್ಟಿನಿಂದಲೇ ಬಂದಿದೆ.

ಸಲಹೆ ಬಂದದ್ದು ಪುಣೆಯಲ್ಲಿರುವ ಅಣ್ಣನ ಮಗನಿಂದ. ರವಿವಾರ ಬಂದರೆ ಸಹ್ಯಾದ್ರಿಯ ಕೋಟೆ ಹತ್ತುವವನು. ‘ಕಾಕಾ, ಅದಕ್ಕ ಕ್ಯಾಂಪ್ ಶೂ ಅಂತಾರ. ಮುನ್ನೂರು ಗ್ರಾಂ ದಾಟಬಾರದು’ ಎಂದ. ಭಾರ ಇಳಿಸಲು ಅವನು ಹಲ್ಲುಜ್ಜುವ ಬ್ರಶ್ಶಿನ ಹಿಡಿಕೆಯನ್ನೇ ಅರ್ಧಕ್ಕೆ ಕತ್ತರಿಸಿದ್ದಾನೆ. ಹೊಟ್ಟೆಯನ್ನು ಮಾತ್ರ ಇದ್ದಷ್ಟೇ ಇಟ್ಟುಕೊಂಡಿದ್ದಾನೆ.

ಮನೆಯಲ್ಲಿ ಉಮೇದುವಾರರು ಮೂವರು: ನೀಲಿ ಪಟ್ಟಿಯ ಹವಾಯಿ, ತೂತು ತೂತಿನ ಫೋಮ್ ಚಪ್ಪಲಿ, ಅಥಣಿಯಲ್ಲಿ ಮಾಡಿಸಿದ ಕೊಲ್ಲಾಪುರಿ. ತೂಗಿ ನೋಡಿದರೆ ಮುಗಿಯಿತಲ್ಲ ಎಂದು ಮೂರನ್ನೂ ಕೈಚೀಲಕ್ಕೆ ಹಾಕಿಕೊಂಡು ಕಿರಾಣಿ ಅಂಗಡಿಗೆ ಹೋದೆ. ಚೀಲದೊಳಗೆ ಇಣುಕಿದ ಅಂಗಡಿಯವರು ತಕ್ಕಡಿಯನ್ನು ಎರಡೂ ಕೈಯಿಂದ ಮುಚ್ಚಿದರು. ‘ದೀಪಾವಳಿಗೆ ಪೂಜಾ ಮಾಡತೀವ್ರಿ ಇದನ್ನ!’ ಹಾಲಿನ ಡೇರಿಯವರು ಮಾತನ್ನೇ ಆಡಲಿಲ್ಲ, ಬಾಗಿಲು ಅರ್ಧ ಎಳೆದರು. ಉಳಿದದ್ದು ಗುಜರಿ ಕೊಳ್ಳುವ ಮೋಡಕಾ ಅಂಗಡಿ.

ಮೋಡಕಾದವನಿಗೆ ಯಾವ ಸಂಕೋಚವೂ ಇರಲಿಲ್ಲ. ಒಂದೊಂದಾಗಿ ಕಾಟಾದ ಮೇಲೆ ಒಗೆದ. ಹವಾಯಿ 260. ಫೋಮಿನವು 340. ಕೊಲ್ಲಾಪುರಿ 780.

‘ರಬ್ಬರದ್ದೂ ಫೋಮಿಂದೂ ತೊಗೋತೀನ್ರಿ. ಈ ಚರ್ಮದ್ದಕ್ಕ ರೇಟ್ ಇಲ್ಲ, ಮನಿಗೆ ಒಯ್ರಿ.’

‘ಮಾರಾಕ ಬಂದಿಲ್ಲಪಾ, ತೂಕ ನೋಡಾಕ ಬಂದೀನಿ.’

ಅವನು ನನ್ನ ಮುಖ ನೋಡಿದ. ಅಲ್ಲಿಗೆ ಎದ್ದು ಬರಬಹುದಿತ್ತು. ಆದರೆ ಜೋಡಿಯ ಲೆಕ್ಕ ಸಿಕ್ಕ ಮೇಲೆ ಒಂದೊಂದರ ಲೆಕ್ಕ ಬೇಡವೇ? ಹವಾಯಿಯ ಎಡದ್ದು ಬಲದ್ದಕ್ಕಿಂತ 20 ಗ್ರಾಂ ಹೆಚ್ಚು ಬಂತು. ಇದು ಹೇಗೆ ಸಾಧ್ಯ ಎಂದು ನಾನು. ಕೆಸರು ಅಂಟಿದೆ ಎಂದು ಅವನು. ಅವನದೇ ಸ್ಕ್ರೂಡ್ರೈವರಿನಿಂದ ಕೆಸರು ಕೆತ್ತಿ ಮತ್ತೆ ತೂಗಿಸಿದೆ. ಈಗ ಬಲದ್ದು ಹೆಚ್ಚಾಯಿತು. ಅದನ್ನೂ ಕೆತ್ತಿದೆ. ಮಳೆ ಬಂದರೆ ಏನಾದೀತು ಎಂದು ಮೂರರ ಮೇಲೂ ಕೊಡದ ನೀರು ಸುರಿದು ತೂಗಿಸಿದೆ. ಕೊಲ್ಲಾಪುರಿ ನೀರು ಕುಡಿದು ಮತ್ತಷ್ಟು ಭಾರವಾಯಿತು. ಅಷ್ಟರಲ್ಲಿ ಮಂದಿ ಕೂಡಿದ್ದರು. ಒಬ್ಬ ಮುದುಕರು ‘ನನ್ನ ಕೆರಾನೂ ಇಡೋ ತಮ್ಮಾ, ನೋಡೂಣು’ ಎಂದು ಕಾಲಿನಿಂದ ಕಳಚಿದರು. 1 ಕಿಲೋ 100! ಅವರ ಮುಖ ಅರಳಿದ ರೀತಿ ನೋಡಬೇಕಿತ್ತು. ಸಾಲಿ ಬಿಟ್ಟು ಬಂದ ಹುಡುಗರು ಸೈಕಲ್ ನಿಲ್ಲಿಸಿ ಪಾಳಿ ಹಚ್ಚಿದರು. ಕಬ್ಬಿನ ಟ್ರ್ಯಾಕ್ಟರಿನ ಡ್ರೈವರ್ ಒಬ್ಬ ಇಳಿದು ಬಂದು, ಗಾಡಿಯ ತೂಕ ಫ್ಯಾಕ್ಟರಿಯಲ್ಲಾಗುತ್ತದೆ, ನನ್ನ ಚಪ್ಪಲಿಯದ್ದು ಇಲ್ಲೇ ಆಗಲಿ ಎಂದ. ಕೊನೆಗೆ ಮೋಡಕಾದವನು ಕಾಟಾದ ವಯರ್ ಕಿತ್ತು ಹತ್ತು ರೂಪಾಯಿ ಕೇಳಿದ. ನಾನು ಬಾಯಿ ಮುಚ್ಚಿಕೊಂಡು ಕೊಟ್ಟೆ.

ಮನೆಗೆ ಬರುವಾಗ ‘ರೇಟ್ ಇಲ್ಲ’ ಎಂದ ಮಾತು ತಲೆಯಲ್ಲೇ ಕೂತಿತ್ತು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ. ಒಂದು ಮೊಳೆಯಿಲ್ಲದೆ ಚರ್ಮದ ದಾರದಲ್ಲೇ ಹೊಲಿಗೆ. ಚರ್ಮದ ವೇಣಿ ಹೆಣೆಯುವವರು ಮನೆಯ ಹೆಂಗಸರು. ಅಥಣಿ, ನಿಪ್ಪಾಣಿ ಕಡೆ ಹುಟ್ಟಿ ಕೊಲ್ಲಾಪುರದ ಹೆಸರಿನಲ್ಲಿ ಮಾರಾಟವಾಗುವ ಜೋಡಿಗಳಿಗೆ ಲೆಕ್ಕವಿಲ್ಲ. ಕೊಲ್ಲಾಪುರಿಗೆ ಭೌಗೋಳಿಕ ಗುರುತು (ಜಿಐ) ಕೊಟ್ಟಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದವು. 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಶನ್ ಶೋದಲ್ಲಿ ಪ್ರಾಡಾ ಕಂಪನಿ ಇವನ್ನೇ ಹೋಲುವ ಚಪ್ಪಲಿ ಮೆರೆಸಿತು. ಗದ್ದಲವಾದ ಮೇಲೆ ಭಾರತದ ಕುಶಲಕರ್ಮಿಗಳಿಂದ ಬಂದ ಪ್ರೇರಣೆ ಎಂದು ಒಪ್ಪಿಕೊಂಡಿತು. ನನ್ನ ಜೋಡಿ ಹೊಲಿದವರ ಮಗ ಮೊಬೈಲ್ ರಿಪೇರಿಗೆ ಕೂತಿದ್ದಾನೆ. ಈ ಕೆಲಸ ಯಾಕೆ ಕಲಿಸಲಿಲ್ಲ ಎಂದು ಕೇಳಿದ್ದೆ. ‘ನಾವು ಹೊಲದ ಚಪ್ಪಲ್ ಮೆಟ್ಟತಾರ್ರಿ. ನೀರು ಕೇಳಿದ್ರ ಮ್ಯಾಲಿಂದ ಸುರೀತಾರ’ ಎಂದಿದ್ದರು. ತಕ್ಕಡಿ ಮುಚ್ಚಿದ ಆ ಎರಡು ಕೈಗಳನ್ನು ಕಂಡು ನಾನು ನಕ್ಕಿದ್ದೆ. ನನ್ನ ಜೋಡಿ ಹೊಲಿದವರಾದರೆ ನಗುತ್ತಿದ್ದರೋ ಇಲ್ಲವೋ.

ಒಯ್ದದ್ದು ಹವಾಯಿಯನ್ನೇ. ರಾಯಚೂರು, ಆತ್ಮಕೂರು, ನಲ್ಲಮಲದ ಕಾಡು, ಭೀಮನಕೊಳ್ಳ ಎಲ್ಲ ಆಯಿತು. ಹೋಗಿ ಬಂದವರೆಲ್ಲ ಅದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಹೇಳಬೇಕಾದದ್ದು ದಾಸೋಹದ ಬಾಗಿಲಲ್ಲಿ ಬಿದ್ದಿರುವ ನೂರಾರು ನೀಲಿ ಪಟ್ಟಿಗಳ ರಾಶಿಯ ಬಗ್ಗೆ. ಅಲ್ಲಿ ಯಾರೂ ಕದಿಯುವುದಿಲ್ಲ, ಯಾರಿಗೂ ತಮ್ಮದು ಸಿಗುವುದೂ ಇಲ್ಲ. ಬರಬರುತ್ತ ನನ್ನ ಎಡಗಾಲಿನದು ಮೊದಲು ಬದಲಾಯಿತು. ‘ಚಪ್ಪಲ್ ಹೋದ್ರ ಶನಿ ಹೋತು ಅಂತ ತಿಳೀರಿ’ ಎಂದರು ಜೊತೆಯವರು. ಒಂದೇ ಹೋದರೆ ಅರ್ಧ ಶನಿಯೇ ಎಂದು ಕೇಳಿದೆ. ಉಳಿದರ್ಧ ಮುಂದಿನ ಊರಿನ ದಾಸೋಹದಲ್ಲಿ ಹೋಯಿತು. ಗ್ರಾಂ ಗ್ರಾಂ ಕೆತ್ತಿ ಸರಿದೂಗಿಸಿದ ನನ್ನ ಜೋಡಿಯನ್ನು ಯಾವ ಪುಣ್ಯಾತ್ಮರು ಮೆಟ್ಟಿದರೋ!

ಊರಿಗೆ ಬಂದ ಮೇಲೆ ಪುಣೆಯಿಂದ ಫೋನು. ‘ಕಾಕಾ, ದೋಸ್ತನ ಲಗ್ನ ಐತಿ. ಅಥಣಿ ಚಪ್ಪಲ್ ಒಂದ ಜೋಡಿ ಕಳಸು. ನಡದ್ರ ಕರ್ ಕರ್ ಅನಬೇಕ ನೋಡು.’

‘ಆತು, ಕಳಸ್ತೀನಿ. ಎಷ್ಟ ಗ್ರಾಂ ಇರಬೇಕು?’ ಎಂದೆ.

ಫೋನ್ ಕಟ್ಟಾಯಿತು. ರೇಂಜ್ ಹೋಗಿರಬೇಕು.