ಪಾನಾ ಮಾಮಾ

ಮಧ್ಯಾಹ್ನ ಊಟದ ಹೊತ್ತು ಮುಗಿದು, ಸಿಂಧನೂರಿನ ಹಾರ್ಡ್‌ವೇರ್ ಅಂಗಡಿಗಳ ಮಾಲೀಕರು ಗಲ್ಲಾಪೆಟ್ಟಿಗೆಗೆ ಒರಗಿ ಕಣ್ಣು ಮುಚ್ಚುವ ವೇಳೆಗೆ ಸರಿಯಾಗಿ ಒಬ್ಬರು ಬಂದು ನಿಲ್ಲುತ್ತಾರೆ. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ಎದೆಕಿಸೆಯಲ್ಲಿ ಪೆನ್ನಿನ ಪಕ್ಕ ಮುರಿದ ಅರದ ಒಂದು ತುಂಡು. ಆ ತುಂಡು ಕಂಡೊಡನೆ ಕೆಲಸದ ಹುಡುಗ ಏನೋ ನೆನಪಾದವನಂತೆ ಗೋದಾಮಿಗೆ ಹೋಗಿಬಿಡುತ್ತಾನೆ. ಇವರೇ ಪಾನಾ ಮಾಮಾ. ಮಸ್ಕಿಯಲ್ಲಿ ಇಂಥವರು ಒಬ್ಬರಿದ್ದಾರೆ, ಲಿಂಗಸುಗೂರಿನಲ್ಲಿ ಇಬ್ಬರಾದರೂ ಇರಬೇಕು. ಒಬ್ಬರು ನಿವೃತ್ತ ಲೈನ್‌ಮನ್, ಇನ್ನೊಬ್ಬರು ಹೈಸ್ಕೂಲು ಮಾಸ್ತರಿಕೆ ಮುಗಿಸಿದವರು. ನಾನು ಹೇಳುತ್ತಿರುವವರು ಹತ್ತೆಕರೆ ಗದ್ದೆ, ಒಂದು ಹಳೇ ಟ್ರ್ಯಾಕ್ಟರು ಮತ್ತು ಬೀಗ ಹಾಕಿದ ಒಂದು ತಗಡಿನ ಶೆಡ್ಡು ಇಟ್ಟುಕೊಂಡವರು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭಾಗ ಭತ್ತಕ್ಕೆ ತಿರುಗಿತು. ಭತ್ತ ಬಂದರೆ ಕೆಸರು, ಕೆಸರಿಗೆ ಕೇಜ್ ವ್ಹೀಲು, ಕೇಜ್ ವ್ಹೀಲಿಗೆ ಬೋಲ್ಟು, ಬೋಲ್ಟಿಗೆ ಜಂಗು. ಹೀಗಾಗಿ ಇಲ್ಲಿ ಪಾನಾ ಇಲ್ಲದ ಮನೆ ಇಲ್ಲ. ಆದರೆ ಪಾನಾ ಬಾಯಿ ಅಗಲವಾಗಿ ನಟ್ಟಿನ ಮೂಲೆ ಸವೆಸಿಕೊಂಡು, ಕೊನೆಗೆ ಉಳಿ-ಸುತ್ತಿಗೆಯಿಂದ ಹೊಡೆದು ತೆಗೆಯದ ಮನೆಯೂ ಇಲ್ಲ. ಮಾಮಾ ಹುಟ್ಟಿಕೊಂಡದ್ದು ಈ ಎರಡು ಮಾತಿನ ನಡುವೆ.

“ಕಡಿಮಿ ರೊಕ್ಕದ್ದು ಬೇಕು, ಆದ್ರ ಕಳಪಿ ಇರಬಾರದು” ಎನ್ನುವುದು ಅವರು ಅಂಗಡಿಯ ಮೆಟ್ಟಿಲು ಹತ್ತುತ್ತ ಹೇಳುವ ಮಾತು. ಮಾಲೀಕರು ಎದ್ದು ಕೂರುತ್ತಾರೆ. “ಕ್ರೋಮ್ ವೆನೇಡಿಯಂ ಐತಿ ನೋಡ್ರಿ, ಮ್ಯಾಲೇ ಬರದೈತಿ” ಎಂದು ಹೊಳೆಯುವ ಪಾನಾ ಮುಂದಿಡುತ್ತಾರೆ. ಮಾಮಾ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಾಯಿಯ ಎರಡೂ ದವಡೆ ಸಮ ಇವೆಯೇ ನೋಡಿ, “ಅಕ್ಷರ ಒತ್ತಾಕ ಕ್ರೋಮೂ ಬೇಕಾಗಿಲ್ಲ, ವೆನೇಡಿಯಮ್ಮೂ ಬೇಕಾಗಿಲ್ಲ. ಅಚ್ಚು ಇದ್ರ ಸಾಕು” ಅನ್ನುತ್ತಾರೆ. ಆಮೇಲೆ ಕಿಸೆಯಿಂದ ಅರ ಹೊರಬರುತ್ತದೆ. ಪಾನಾದ ಹಿಡಿಕೆಯ ಅಂಚಿನಲ್ಲಿ, ಕಾಣದ ಕಡೆ, ಒಂದೇ ಒಂದು ಎಳೆತ. ಸರಿಯಾಗಿ ಹದ ಕೊಟ್ಟ ಉಕ್ಕಾದರೆ ಅರ ಜಾರುತ್ತ ಜಾರುತ್ತ ಅಷ್ಟಿಷ್ಟೇ ಕೊರೆಯುತ್ತದೆ; ಕಳಪೆಯದಾದರೆ ಮೊದಲ ಎಳೆತಕ್ಕೇ ನಿಕ್ಕಲ್ ಕಿತ್ತು ಪುಡಿ ಉದುರುತ್ತದೆ. ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಮಾಲೀಕರ ಮುಂದೆ ಚಾಚುವಾಗ ಅವರ ಮುಖದಲ್ಲಿ ಪ್ರಸಾದ ಕೊಡುವ ಗಾಂಭೀರ್ಯ. ಮಾಲೀಕರಿಗೆ ಸಂಕಟ ಬೇರೆಯೇ. ಮಾಮಾ ಹೋದಮೇಲೆ ಅಂಗಡಿಯ ಅರ್ಧ ಮಾಲಿಗೆ ಗೀರು ಬಿದ್ದಿರುತ್ತದೆ.

ಹಾಗಂತ ಅವರದು ಬರೀ ತರಲೆಯಲ್ಲ. ಜಲಂಧರ್, ಲೂಧಿಯಾನಾ, ನಾಗೌರ್ ಅಂತ ಸಾಮಾನು ಎಲ್ಲೆಲ್ಲಿಂದ ಬರುತ್ತದೆಂದು ಅವರಿಗೆ ಗೊತ್ತು. 1969ರಲ್ಲಿ ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ಸಹಯೋಗದಲ್ಲಿ ಉತ್ಪಾದನೆ ಶುರು ಮಾಡಿದ ಟಪಾರಿಯಾದ ಹೆಸರನ್ನು ಅವರು ಹೇಳುವುದು ಮನೆತನದ ಹೆಸರು ಹೇಳುವ ಧಾಟಿಯಲ್ಲಿ. ಹೆಸರಾಂತ ಕಂಪನಿಯ ಹೆಸರಿಗೆ ಒಂದಕ್ಷರ ಸೇರಿಸಿಯೋ ಕಳೆದೋ ಬರುವ ಡಬ್ಬಿಗಳನ್ನು ಅವರು ಮಾರು ದೂರದಿಂದಲೇ ಗುರುತಿಸುತ್ತಾರೆ. ಅವರ ಸಿದ್ಧಾಂತವೂ ಗಟ್ಟಿ: ಜೋರು ಬೀಳುವ ಸಾಮಾನಿಗೂ ಮೈಗೆ ಅಪಾಯ ಇರುವ ಸಾಮಾನಿಗೂ ರೊಕ್ಕ ಹಾಕು, ಉಳಿದದ್ದರಲ್ಲಿ ಉಳಿಸು. ಪಾನಾ, ಸುತ್ತಿಗೆ, ಕಟಿಂಗ್ ಪ್ಲೇಯರ್ ಒಳ್ಳೆಯದೇ ಬೇಕು. ಗ್ರೀಸ್ ಹಚ್ಚುವ ಬ್ರಷ್ಷು, ಬೋಲ್ಟು ಹಾಕಿಡುವ ಡಬ್ಬಿ, ವರ್ಷಕ್ಕೊಮ್ಮೆ ಕೈಗೆ ಬರುವ ಪುಲ್ಲರ್ ಯಾವುದಾದರೂ ನಡೆದೀತು.

ಗ್ರೈಂಡರ್ ವಿಷಯಕ್ಕೆ ಬಂದರೆ ಮಾತ್ರ ಮಾಮಾರ ದನಿ ಬದಲಾಗುತ್ತದೆ. ನಾಲ್ಕಿಂಚಿನ ಅಗ್ಗದ ಮಷಿನ್ನು ತಗೊಳ್ಳಬೇಡ ಅಂತ ಅವರು ಯಾರಿಗೂ ಹೇಳುವುದಿಲ್ಲ. ಕೇಳುವುದು ಎರಡೇ ಪ್ರಶ್ನೆ: ಕಾರ್ಬನ್ ಬ್ರಷ್ಷು ಹೊರಗಿನಿಂದಲೇ ಬಿಚ್ಚಿ ಹಾಕಬಹುದಾ, ಸುಟ್ಟರೆ ಇದರ ಆರ್ಮೇಚರ್ ಲಿಂಗಸುಗೂರಿನಲ್ಲಿ ಸಿಗುತ್ತದಾ? ಎರಡಕ್ಕೂ ಹೌದೆಂದರೆ 1,200 ರೂಪಾಯಿಯ ಮಷಿನ್ನೂ ಮಷಿನ್ನೇ. ಆದರೆ ಅದಕ್ಕೆ ಹಾಕುವ ಕಟಿಂಗ್ ಚಕ್ರದಲ್ಲಿ ಚೌಕಾಸಿ ಇಲ್ಲ. ಮಷಿನ್ನು ನಿಮಿಷಕ್ಕೆ 11-12 ಸಾವಿರ ಸುತ್ತು ತಿರುಗುತ್ತದೆ. ಒಳ್ಳೆಯ ಚಕ್ರದ ಮೇಲೆ 15,300ರ ಮಿತಿ ಅಚ್ಚಾಗಿರುತ್ತದೆ, ನಡುವಿನ ತಗಡಿನ ಬಳೆಯ ಮೇಲೆ ಯಾವ ತಿಂಗಳವರೆಗೆ ಬಳಸಬಹುದೆಂಬ ತಾರೀಖೂ ಇರುತ್ತದೆ. ಆ ಬಳೆಯನ್ನು ಅವರು ಕನ್ನಡಕ ಹಣೆಗೇರಿಸಿ ಓದುತ್ತಾರೆ. ಅವಧಿ ಮೀರಿದ ಚಕ್ರವನ್ನು ಅರ್ಧ ಬೆಲೆಗೆ ಕೊಡುತ್ತೇನೆಂದವರಿಗೆ ಬೈಯುತ್ತಾರೆ. ಗಾರ್ಡ್ ಬಿಚ್ಚಿ ದೊಡ್ಡ ಚಕ್ರ ಹಾಕಿಕೊಂಡು ಟ್ರಾಲಿ ಕೊರೆಯುತ್ತಿದ್ದ ವೆಲ್ಡಿಂಗ್ ಅಂಗಡಿಯ ಹುಡುಗನೊಬ್ಬನ ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದು, “ತಮ್ಮಾ, ಇದು ಒಡದ್ರ ನಿನ್ನ ಮುಖ ಗುರ್ತು ಹಿಡಿಯಾಕ ಆಧಾರ್ ಕಾರ್ಡ್ ಬೇಕಾಗತೈತಿ” ಅಂದದ್ದನ್ನು ನಾನೇ ಕೇಳಿದ್ದೇನೆ. ಹುಡುಗ ಗಾರ್ಡ್ ಹಾಕಿದ. ಮಾಮಾ ಪ್ಲಗ್ಗು ಕೊಟ್ಟರು.

ಸಿಂಧನೂರಿನಲ್ಲಿ ದರ ಕೇಳಿದ ಮೇಲೆ ಮಸ್ಕಿ, ಮಸ್ಕಿಯಲ್ಲಿ ಕೇಳಿದ ಮೇಲೆ ಲಿಂಗಸುಗೂರು. ಒಂದೇ ರಸ್ತೆ, ಐವತ್ತು ಕಿಲೋಮೀಟರ್ ಮೀರಿದ ಮಾರುಕಟ್ಟೆ ಸಮೀಕ್ಷೆ. ಉಳಿಸಿದ ನಲವತ್ತು ರೂಪಾಯಿಗೆ ಬಸ್ ಚಾರ್ಜು, ಒಗ್ಗರಣಿ-ಮಿರ್ಚಿ, ಎರಡು ಚಹಾ ಸೇರಿಸಿದರೆ ಎಷ್ಟಾಯಿತೆಂದು ಯಾರೋ ಲೆಕ್ಕ ಹಾಕಿ ತೋರಿಸಿದ್ದುಂಟು. “ಒಗ್ಗರಣಿ ತಿಂದಿದ್ದು ಹೊಟ್ಟಿ ಲೆಕ್ಕ, ಸಾಮಾನಿನ ಲೆಕ್ಕ ಅಲ್ಲ” ಎಂದು ಅವರು ಖಾತೆಯನ್ನೇ ಬೇರೆ ಮಾಡಿದರು.

ಮಸ್ಕಿಯಲ್ಲಿ ಬಸ್ಸು ತಪ್ಪಿದರೆ ಅವರು ಅಶೋಕನ ಶಾಸನದ ಬಂಡೆಯತ್ತ ಹೋಗುವುದಿದೆ. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ 1915ರಲ್ಲಿ ಸಿಕ್ಕಿದ ಶಾಸನ ಅದು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪಿಯ, ಪಿಯದಸಿ ಎಂದಷ್ಟೇ ಕರೆಸಿಕೊಂಡಿದ್ದ ದೊರೆ ಅಶೋಕನೇ ಎಂದು ಗಟ್ಟಿಯಾದದ್ದು ಇಲ್ಲಿ. ನೋಡಬಂದವರೆಲ್ಲ ಆ ಹೆಸರು ಎಲ್ಲಿದೆ ಎಂದು ಹುಡುಕಿದರೆ ಮಾಮಾ ಗೀರಿನ ಆಳ ನೋಡುತ್ತಾರೆ. “ಉಳಿ ಮೆತ್ತಗಿದ್ರ ಮೊದಲನೇ ಸಾಲಿಗೇ ಮೊಂಡ ಆಗತಿತ್ತು. ಎಲ್ಲಿ ಹದ ಹಾಕಿಸಿದ್ದರೋ ಏನೋ!” ಎರಡು ಸಾವಿರದ ಇನ್ನೂರು ವರ್ಷ ದಾಟಿದ ಕೆಲಸದ ಬಗ್ಗೆ ಅವರ ತಕರಾರು ಒಂದೇ, ಉಳಿ ಎಲ್ಲಿ ಕೊಂಡರು, ಎಷ್ಟಕ್ಕೆ ಕೊಂಡರು ಎಂಬುದನ್ನು ಬಂಡೆಯ ಮೇಲೆ ಬರೆಸಿಲ್ಲ.

ಲಿಂಗಸುಗೂರು ಅವರ ಪಾಲಿಗೆ ಹಟ್ಟಿ ಚಿನ್ನದ ಗಣಿಯ ತಾಲೂಕಲ್ಲ, ಗುಜರಿಯ ತಾಲೂಕು. ಅಲ್ಲಿ ಲಾರಿಯ ಹಳೇ ಕಮಾನು ಪಟ್ಟಿಯನ್ನು ತೂಕಕ್ಕೆ ತಂದು, ಕಮ್ಮಾರನ ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಉಳಿ ಮಾಡಿಸುತ್ತಾರೆ. ಪೇಟೆಯ ಹೊಳೆಯುವ ಉಳಿಗಿಂತ ಇದು ಎಷ್ಟೋ ವಾಸಿ ಎಂಬುದು ನಿಜವೇ. ಸ್ಪ್ರಿಂಗಿನ ಉಕ್ಕು ಅದು, ಹದ ಹಿಡಿಯುತ್ತದೆ. ಹಳೇ ವೈಸ್ ಕೊಳ್ಳುವಾಗಂತೂ ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ವಿಚಾರಣೆ. ದವಡೆ ಪೂರ್ತಿ ತೆರೆದು, ಮೊಬೈಲ್ ಬೆಳಕು ಬಿಟ್ಟು ತಿರುಪಿನ ಎಳೆ ಸವೆದಿದೆಯೇ ನೋಡಿ, ಕೆಳಗೆ ವೆಲ್ಡಿಂಗ್ ಗಂಟು ಇದೆಯೇ ಎಂದು ಉಗುರಿನಿಂದ ಬಣ್ಣ ಕೆರೆಯುತ್ತಾರೆ. “ಹಳೇ ವೈಸಿಗೆ ಹೊಸ ಬಣ್ಣ ಹಚ್ಚಿದ್ರ ಅಂಜಬೇಕು” ಎಂಬುದು ಅವರ ಅನುಭವ.

ಇಷ್ಟೆಲ್ಲ ಕೊಂಡ ಸಾಮಾನು ಶೆಡ್ಡಿನಲ್ಲಿ ಎರಡು ಜಾತಿಯಾಗಿ ಕೂತಿದೆ: ಇಡೋ ಸಾಮಾನು, ಕೊಡೋ ಸಾಮಾನು. ಪರೀಕ್ಷೆಯಲ್ಲಿ ನಪಾಸಾದ ಪಾನಾ, ತುದಿ ತಿರುಚಿದ ಸ್ಕ್ರೂಡ್ರೈವರ್, ಹಿಡಿಕೆ ಅಲುಗಾಡುವ ಸುತ್ತಿಗೆ ಇವು ಎರವಲು ಕೇಳಿ ಬಂದವರಿಗೆ. ಊರವರಿಗೂ ಇದು ತಿಳಿದುಹೋಗಿ, ಬಾಗಿಲಲ್ಲೇ “ಮಾಮಾ, 18-19 ಕೊಡ್ರಿ, ಇಡೋದು ಕೊಡ್ರಿ” ಎಂದು ಕೇಳುತ್ತಾರೆ. ಇಡೋ ಸಾಮಾನು ಶೆಡ್ಡು ದಾಟುವುದಿಲ್ಲ. ಒಂದೇ ಒಂದು ಅಪವಾದ 30-32ರ ಪಾನಾ. ಅದು ಅತ್ತೀಯವರ ಅಡಿಗೆಮನೆಯಲ್ಲಿದೆ, ತೆಂಗಿನಕಾಯಿ ಒಡೆಯಲು. “ಅಂಗಡ್ಯಾಗ ಗೀರಿ ನೋಡೋದು ಯಾಕ? ಕಾಯಿ ಒಡದು ನೋಡ್ಬೇಕು” ಅಂತ ಅತ್ತೀ ಹೇಳಿದ್ದಕ್ಕೆ ಮಾಮಾ ಈವರೆಗೆ ಉತ್ತರ ಕೊಟ್ಟಿಲ್ಲ.

ಅವರ ದೊಡ್ಡ ಸಾಧನೆಯೆಂದರೆ ಸೆಟ್ಟು ಒಡೆಸಿದ್ದು. ಹನ್ನೆರಡು ಪಾನಾದ ಸೆಟ್ಟಿನಲ್ಲಿ ಹೊಲದವನಿಗೆ ಬೇಕಾದದ್ದು 10-11, 12-13, 16-17, 18-19, 24-27, 30-32, ಹೀಗೆ ಆರೇ. ಉಳಿದ ಆರಕ್ಕೆ ರೊಕ್ಕ ಯಾಕೆ ಕೊಡಬೇಕು ಎಂದು ಸಿಂಧನೂರಿನ ಅಂಗಡಿಯೊಂದರಲ್ಲಿ ದೀಪ ಹಚ್ಚುವವರೆಗೆ ಕೂತರು. ಮಾಲೀಕರು ಸೋತು ಸೆಟ್ಟು ಬಿಚ್ಚಿದರು. ಸುದ್ದಿ ಹಬ್ಬಿ ಅವರ ಶಿಷ್ಯರೆಲ್ಲ ಆರಾರೇ ಕೇಳತೊಡಗಿದರು. ಮೂರೂ ಊರಿನ ಅಂಗಡಿಗಳ ಗೋಡೆಯಲ್ಲಿ ಯಾರಿಗೂ ಬೇಡವಾದ 20-22ಗಳು ಸಾಲಾಗಿ ಜೋತುಬಿದ್ದವು.

ಆ ಮಳೆಗಾಲದಲ್ಲಿ ನಾಟಿಯ ನಡುವೆ ಟ್ರ್ಯಾಕ್ಟರು ನಿಂತಿತು. ಇಂಜಿನ್ ಕೆಳಗಿನ ನಟ್ಟು 22ರದ್ದು. ಮಾಮಾ ಕೆಸರುಗಾಲಲ್ಲೇ ಸಿಂಧನೂರಿಗೆ ಬಂದರು.

“ಐತ್ರಿ 20-22” ಎಂದರು ಮಾಲೀಕರು. ಗೋಡೆಯಿಂದ ತೆಗೆದಿಟ್ಟದ್ದು ಒಂದಲ್ಲ, ತಂತಿಯಲ್ಲಿ ಬಿಗಿದ ಆರು: 6-7, 8-9, 14-15, 20-22, 21-23, 25-28. “ಆದ್ರ ಇದು ಸೆಟ್ಟು. ಒಡಿಯಂಗಿಲ್ಲ.”

ಮಾಮಾ ಮಸ್ಕಿಗೆ ಹೋದರು. ಅಲ್ಲೂ ಆರು, ಅಲ್ಲೂ ತಂತಿ. ಲಿಂಗಸುಗೂರಿನ ಅಂಗಡಿಯವರು ಅವರು ಬಸ್ ಇಳಿಯುವ ಮೊದಲೇ ಸೆಟ್ಟನ್ನು ಕಟ್ಟೆಯ ಮೇಲೆ ಇಟ್ಟು, ಚಹಾಕ್ಕೆ ಹೇಳಿ ಕಾಯುತ್ತಿದ್ದರು.

“ಫೋನ್ ಬಂದಿತ್ತೇನು?”

“ಎರಡೂ ಊರಿಂದ ಬಂದಿತ್ತು, ಮಾಮಾ.”

ಮಾಮಾ ಚಹಾ ಕುಡಿದರು. ಆಮೇಲೆ ಕಿಸೆಯಿಂದ ಅರ ತೆಗೆದು 20-22ರ ಅಂಚಿಗೆ ಒಂದು ಎಳೆ ಎಳೆದು, ಅಂಗೈ ನೋಡಿಕೊಂಡರು. ಪುಡಿ ಏನೂ ಇರಲಿಲ್ಲ.

“ಮೆತ್ತಗೈತಿ” ಎಂದರು. “ಹತ್ತು ರೂಪಾಯಿ ಬಿಡು.”