ಅರವತ್ತರ ವಯೋಮಿತಿಗೊಂದು ಬಹಿರಂಗ ಪತ್ರ

ಮಾನ್ಯ ವಯೋಮಿತಿಯವರ ಸನ್ನಿಧಾನಕ್ಕೆ,

ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ 2017ರಲ್ಲಿ ಆರಂಭವಾಗಿ 2024ರ ಮಾರ್ಚ್‌ನಲ್ಲಿ ಮುಗಿಯಿತು. ಹಳ್ಳಿಗಳ 6 ಕೋಟಿ ಮನೆಗಳಲ್ಲಿ ಮನೆಗೊಬ್ಬರಿಗೆ 20 ಗಂಟೆಗಳ ಉಚಿತ ತರಬೇತಿ ಕೊಡುವುದು ಅದರ ಗುರಿ. ಕಲಿಯುವವರ ವಯಸ್ಸು 14ರಿಂದ 60ರೊಳಗೆ ಇರಬೇಕಿತ್ತು. ಕರ್ನಾಟಕದ ಸರ್ಕಾರಿ ನೌಕರರು ನಿವೃತ್ತರಾಗುವುದೂ 60ಕ್ಕೇ. ಕಲಿಯಲು ಬಿಡುವು ಸಿಗುವ ಹೊತ್ತಿಗೇ ಕಲಿಯುವ ಅರ್ಹತೆ ಮುಗಿಯುವಂತೆ ಲೆಕ್ಕ ಹಾಕಿದ ಮಾನ್ಯರ ಕರಾರುವಾಕ್ಕುತನಕ್ಕೆ ಮೊದಲ ನಮಸ್ಕಾರ.

ಮನೆಗೊಬ್ಬರು ಎಂಬ ನಿಯಮವೂ ಸಾಮಾನ್ಯದ್ದಾಗಿರಲಿಲ್ಲ. ಮನೆಯ ಒಬ್ಬರಿಗೆ ಡಿಜಿಟಲ್ ಬಳಕೆ ಆಗಲೇ ತಿಳಿದಿದ್ದರೆ ಆ ಮನೆಗೆ ತರಬೇತಿಯೇ ಇರಲಿಲ್ಲ. ತಿಳಿದ ಮಗ ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿದರೆ ಸಾಕ್ಷರತೆಯೂ ಅವನ ಜೊತೆಗೇ ಹತ್ತುತ್ತಿತ್ತು. ಅಪ್ಪ ಅಮ್ಮನ ಪಾಲಿಗೆ ದಾಖಲೆ ಉಳಿಯುತ್ತಿತ್ತು.

ಪಾಠ ಇಲ್ಲದಿದ್ದರೂ ಪರೀಕ್ಷೆ ತಪ್ಪಿದ್ದಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ತಾವು ಬದುಕಿರುವುದನ್ನು ರುಜುವಾತುಪಡಿಸಬೇಕು. 80 ದಾಟಿದವರಿಗೆ ಅಕ್ಟೋಬರ್‌ನಿಂದಲೇ ಅವಕಾಶ. 2014ರ ನವೆಂಬರ್ 10ರಂದು ಬಂದ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ಜೀವಿತ ಪ್ರಮಾಣಪತ್ರ ಈ ರುಜುವಾತನ್ನು ಆಧಾರ್ ಬೆರಳಚ್ಚಿಗೆ ಜೋಡಿಸಿತು. ವರ್ಷಗಟ್ಟಲೆ ಪಾತ್ರೆ ತಿಕ್ಕಿದ, ಸೀಮೆಸುಣ್ಣ ಹಿಡಿದ ಬೆರಳುಗಳಲ್ಲಿ ಗೆರೆಗಳು ಸವೆದಿರುತ್ತವೆ. ಬೆರಳು ಹೊಂದದಿದ್ದರೆ ಎದುರಿಗೆ ಕೂತು ಉಸಿರಾಡುತ್ತಿರುವವರು ಲೆಕ್ಕಕ್ಕಿಲ್ಲ. 2021ರಲ್ಲಿ ಮುಖ ನೋಡಿ ಗುರುತಿಸುವ ಕ್ರಮ ಬಂತು. ಅದು ಕಣ್ಣು ಮಿಟುಕಿಸಿ ಎನ್ನುತ್ತದೆ. ಆ ಸೂಚನೆ ಓದಲು ಕನ್ನಡಕ ಬೇಕು. ಕನ್ನಡಕದ ಹೊಳಪು ಕ್ಯಾಮರಾಕ್ಕೆ ಅಡ್ಡ ಬರುವುದೂ ಉಂಟು. ಅಂಚೆಯಣ್ಣ ಮನೆಗೇ ಬಂದು ಮಾಡಿಕೊಡುವ ಸೌಲಭ್ಯವಿದೆ, ಅದು ನಿಜಕ್ಕೂ ಉಪಕಾರ. ಅಜ್ಜಿ ಕೊಟ್ಟ ಕಾಫಿ ಕುಡಿದ ಅಂಚೆಯಣ್ಣನ ಸಾಕ್ಷಿ ಮಾತ್ರ ಸಾಲದು, ಮೊಬೈಲೂ ಒಪ್ಪಬೇಕು.

ಉಳಿದ ಪಾಠ ಮೊಮ್ಮಕ್ಕಳ ಪಾಲಿಗೆ. ಅವರ ಬೋಧನಾಕ್ರಮ ಒಂದೇ: “ಕೊಡಜ್ಜಿ ಇಲ್ಲಿ, ನಾನೇ ಮಾಡ್ತೀನಿ.” ಹೆಬ್ಬೆರಳು ನಾಲ್ಕು ಸಲ ಕುಣಿಯುತ್ತದೆ, ಗ್ಯಾಸ್ ಬುಕ್ ಆಗುತ್ತದೆ, ಅಜ್ಜಿ ಕಲಿತದ್ದು ಫೋನ್ ಕೈಗೆ ಕೊಡುವುದನ್ನು. ಕಲಿಕೆ ಆಗುವುದು ಫೋನ್ ಅಜ್ಜಿಯ ಕೈಯಲ್ಲೇ ಉಳಿದಾಗ. ಮೊದಲು ಪರದೆಯ ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡ ಮಾಡುವುದು. ಆಮೇಲೆ ಮೊಮ್ಮಗನಿಗೇ ಒಂದು ರೂಪಾಯಿ ಕಳಿಸುವುದು, ಮರುದಿನ ಇನ್ನೊಂದು ರೂಪಾಯಿ. ಒತ್ತಬೇಕಾದ ಗುಂಡಿಗಳ ಕ್ರಮ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ, ಅಜ್ಜಿಯದೇ ಅಕ್ಷರದಲ್ಲಿ. ಪಿನ್ ಮಾತ್ರ ಅಲ್ಲಿ ಬರೆಯಬಾರದು.

ವಯೋಮಿತಿ ನೋಡದೆ, ಮನೆಗೊಬ್ಬರೆಂದು ಎಣಿಸದೆ, ಗಂಟೆಗಟ್ಟಲೆ ತಾಳ್ಮೆಯಿಂದ ಹಿರಿಯರಿಗೆ ಫೋನ್ ಬಳಕೆ ಹೇಳಿಕೊಡುವ ಗುರುಗಳು ಇಲ್ಲವೆಂದಲ್ಲ. ಅವರು ವಂಚಕರು. ಯಾವ ಆ್ಯಪ್ ಹಾಕಿಕೊಳ್ಳಬೇಕು, ಎಲ್ಲಿ ಒತ್ತಬೇಕು, ಎಲ್ಲವನ್ನೂ “ಅಮ್ಮಾ” ಎಂದು ಕರೆದೇ ಕಲಿಸುತ್ತಾರೆ. ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಿ ಎನ್ನುತ್ತಾರೆ. ಪಿನ್ ಬೇಕಿರುವುದು ಹಣ ಕಳಿಸಲು, ಪಡೆಯಲು ಅಲ್ಲ. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡುತ್ತಾರೆ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಕರೆಗೆ ಆ್ಯಪ್ ಬೇಡ, ಗುಂಡಿಯ ಹಳೇ ಫೋನೂ ಆದೀತು.

ಇಂತಿ,
ಅರವತ್ತೊಂದು