ಪ್ರಯೋಗದ ಮಾಸ್ತರು

ಯಾದಗಿರಿ ಕಡೆ ಹೈಸ್ಕೂಲಿರುವ ಊರಿಗೆಲ್ಲ ಇಂಥವರು ಒಬ್ಬರಾದರೂ ಇರುತ್ತಾರೆ. ನನಗೆ ಗುರುತಾದವರು ಅಬ್ಬೆತುಮಕೂರಿನವರು. ತಂದೆ-ತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿದೆ. ಊರವರ ಬಾಯಲ್ಲಿ ಅವರು ಪ್ರಯೋಗದ ಮಾಸ್ತರು. ಮದುವೆ ಊಟ ಮುಗಿದ ಮೇಲೆ ಎಲ್ಲರೂ ಎಲೆ-ಅಡಿಕೆಗೆ ಕೈ ಚಾಚಿದರೆ ಇವರು ಪಂಕ್ತಿಯುದ್ದಕ್ಕೂ ಬಗ್ಗಿ ಖಾಲಿ ನೀರಿನ ಬಾಟಲಿ ಆರಿಸುತ್ತಿರುತ್ತಾರೆ. ಬೀಗರ ಕಡೆಯವರೊಬ್ಬರು ಮರುಗಿ, “ಪಾಪ, ಮಾಸ್ತರಿಗಿ ಈ ತಿಂಗಳ ಪಗಾರ ಆಗಿಲ್ಲ ಕಾಣ್ತದ” ಅಂದದ್ದುಂಟು.

ಹೆಗಲ ಚೀಲದೊಳಗೆ ಸೈಕಲ್ ಟ್ಯೂಬಿನ ತುಂಡು, ಸೂಜಿಯಿಲ್ಲದ ಸಿರಿಂಜು, ಹಾಳಾದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಅರಿಶಿಣದ ಕಲೆ ಬಿದ್ದ ‘ಬಾಲವಿಜ್ಞಾನ’ದ ಹಳೆ ಸಂಚಿಕೆ. ವಿಶ್ವಾರಾಧ್ಯರ ಜಾತ್ರೆಗೆ ಹೋದವರು ಬೆಂಡು-ಬತ್ತಾಸು ಕಟ್ಟಿಸಿಕೊಂಡು ಬಂದರೆ ಇವರು ತರುವುದು ಪುಗ್ಗ, ಪೀಪಿ, ಮತ್ತೆ ಸಿಕ್ಕರೆ ದೀಪ ಹಚ್ಚಿದೊಡನೆ ಟುಕುಟುಕು ಅನ್ನುತ್ತ ಓಡುವ ತಗಡಿನ ದೋಣಿ. ಹಿಂದೆ ತೇರಿನ ಅಂಗಡಿಗಳಲ್ಲಿ ಅದು ರಾಶಿ ರಾಶಿ ಬರುತ್ತಿತ್ತು. 1891ರಲ್ಲಿ ಥಾಮಸ್ ಪಿಯೊ ಎಂಬಾತ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ ಆಟಿಗೆ ಅದು ಎಂದು ದೋಣಿ ಮಾರುವವನಿಗೇ ಹೇಳಿ, ಅವನ ಗಿರಾಕಿಗಳನ್ನೆಲ್ಲ ನಿಲ್ಲಿಸಿಕೊಂಡು ಪಾಠ ಶುರುಮಾಡುತ್ತಾರೆ. ಉಗಿ ನೀರನ್ನು ಹೊರಗೆ ದೂಡುತ್ತದೆ, ತಣ್ಣಗಾದೊಡನೆ ಅದೇ ಕೊಳವೆಯಿಂದ ನೀರು ಒಳಗೆ ಬರುತ್ತದೆ. ಹಾಗಾದರೆ ದೋಣಿ ಹಿಂದೆ-ಮುಂದೆ ತೂಗಬೇಕಲ್ಲ, ಮುಂದಕ್ಕೇ ಯಾಕೆ ಹೋಗುತ್ತದೆ? ಹೊರಬೀಳುವ ನೀರು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಒಳಬರುವುದು ಸುತ್ತಲಿಂದ ಬರುತ್ತದೆ, ಅದಕ್ಕೆ. ಇಷ್ಟು ಮುಗಿಯುವ ಹೊತ್ತಿಗೆ ಗಿರಾಕಿಗಳು ಮಿರ್ಚಿಭಜಿ ಕಡೆ ಸರಿದಿರುತ್ತಾರೆ.

ಮಕ್ಕಳನ್ನು ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ಯುತ್ತಾರೆ, ಆದರೂ ಪೂರ್ತಿ ಮನಸ್ಸಿಲ್ಲ. “ಗುಂಡಿ ಒತ್ತಿದ್ರ ಆಗೋದು ಪ್ರಯೋಗ ಅಲ್ರಿ. ಕೆಡಲಾಕ ಒಂದ ಜಾಗಾ ಬೇಕು” ಅನ್ನುತ್ತಾರೆ. ಕೆಡುವುದಕ್ಕೆ ಅವರ ಸಾಲಿಯಲ್ಲಿ ಜಾಗಕ್ಕೆ ಬರವಿಲ್ಲ.

ಒಮ್ಮೆ ತಪಾಸಣೆಗೆ ಸಾಹೇಬರು ಬಂದರು. ಮಾಸ್ತರು ಪರಾತದಲ್ಲಿ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿ, ಮೇಲೆ ಗಾಜಿನ ಗಿಲಾಸು ಬೋರಲು ಹಾಕಿದರು. ಬತ್ತಿ ಆರಿತು, ನೀರು ಸರ್ರನೆ ಮೇಲೇರಿತು. “ಆಮ್ಲಜನಕ ಸುಟ್ಟುಹೋಯ್ತು, ಅದರ ಐದನೇ ಒಂದು ಪಾಲಿನ ಜಾಗ ನೀರು ಹಿಡೀತು” ಎಂದು ಸಾಹೇಬರು ತಾವೇ ವಿವರಿಸಿ ಎದ್ದರು. ಎದ್ದವರನ್ನು ಮಾಸ್ತರು ಬಿಟ್ಟರೆ ತಾನೆ! ಮೂರು ಬತ್ತಿ ಹಚ್ಚಿ ಅದೇ ಗಿಲಾಸು ಮುಚ್ಚಿದರು. ನೀರು ಇನ್ನೂ ಮೇಲಕ್ಕೇರಿತು. “ಗಿಲಾಸ ಅದೇ, ಆಮ್ಲಜನಕ ಅಷ್ಟೇ. ನೀರ್ಯಾಕ ಜಾಸ್ತಿ ಏರ್ತು ಸರ್?” ಬಿಸಿಗೆ ಹಿಗ್ಗಿದ ಗಾಳಿ ಗಿಲಾಸು ಮುಚ್ಚುವಾಗಲೇ ಅಷ್ಟಿಷ್ಟು ಹೊರಗೆ ಹೋಗಿರುತ್ತದೆ, ಉಳಿದದ್ದು ತಣ್ಣಗಾಗಿ ಕುಗ್ಗಿದಾಗ ಹೊರಗಿನ ಗಾಳಿ ನೀರನ್ನು ಒಳಗೆ ಒತ್ತುತ್ತದೆ, ಬತ್ತಿ ಹೆಚ್ಚಿದಷ್ಟೂ ಕಾವು ಹೆಚ್ಚು. ಸಾಹೇಬರು ಕೂಡಲೆ ಬಿಸಿಯೂಟದ ಲೆಕ್ಕ ತರಿಸಿದರು.

ಅವರ ದೊಡ್ಡ ಹಬ್ಬ ಮಾತ್ರ ಮೇ ತಿಂಗಳದ್ದು. ಯಾದಗಿರಿ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆರಡು ಸಲ, ಮೇ 7ರ ಆಸುಪಾಸು ಮತ್ತು ಆಗಸ್ಟ್ ಮೊದಲ ವಾರದಲ್ಲಿ, ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಗೆ ಬಂದು ನೆರಳು ಮಾಯವಾಗುತ್ತದೆ. ದಿಲ್ಲಿಯವರು ಏನು ಕೊಟ್ಟರೂ ಅವರಿಗೆ ಈ ಭಾಗ್ಯವಿಲ್ಲ, ಅವರ ಊರು ಕರ್ಕಾಟಕ ವೃತ್ತದ ಆಚೆಗೆ ಬಿತ್ತು. ನಮ್ಮಲ್ಲಿ ತೊಂದರೆ ಬೇರೆ. ಆಗಸ್ಟಿನಲ್ಲಿ ಸಾಲಿ ತೆರೆದಿರುತ್ತದೆ, ಮೋಡ ಮುಚ್ಚಿರುತ್ತದೆ. ಮೇ ತಿಂಗಳಲ್ಲಿ ಆಕಾಶ ತೆರೆದಿರುತ್ತದೆ, ಸಾಲಿ ಮುಚ್ಚಿರುತ್ತದೆ. ಆದ್ದರಿಂದ ರಜೆಯಲ್ಲಿ, ನಾಯಿಯೂ ಹೊರಬೀಳದ ಬಿಸಿಲಲ್ಲಿ, ಮಾಸ್ತರು ಮನೆಮನೆಗೆ ಹೋಗಿ ಮಕ್ಕಳನ್ನು ಎಬ್ಬಿಸಿ ತರುತ್ತಾರೆ.

ತಲೆಗೆ ಟವೆಲ್ ಸುತ್ತಿಕೊಂಡು ಎಲ್ಲರೂ ಒಂದು ತಾಮ್ರದ ತಂಬಿಗೆಯ ಸುತ್ತ ನಿಂತರು. ಗಡಿಯಾರ 12 ಹೊಡೆಯಿತು. ತಂಬಿಗೆಯ ಬಗಲಿಗೆ ಬೆರಳಗಲ ನೆರಳು ಇನ್ನೂ ಇತ್ತು.

“ಹನ್ನೆರಡ ಆಯ್ತಲ್ರಿ, ನೆರಳ ಹೋಗಿಲ್ಲಲ್ರಿ ಸರ?” ಪಂಚಾಯ್ತಿ ಮೆಂಬರು ಗೆದ್ದ ದನಿಯಲ್ಲಿ ಕೇಳಿದರು.

“ಗಡಿಯಾರ ನಮ್ಮದಲ್ರಿ, ಅದು ಮಿರ್ಜಾಪುರ ಕಡೀದು. ದೇಶಕ್ಕೆಲ್ಲ ಅಲ್ಲೀ ಟೈಮ್ ಹಾಕ್ಯಾರ. ಸೂರ್ಯ ಅಲ್ಲಿಂದ ಇಲ್ಲಿಗಿ ಬರ್ಲಾಕ ಟೈಮ್ ಬೇಕಲ್ಲ!”

12 ಗಂಟೆ 18 ನಿಮಿಷದ ಹೊತ್ತಿಗೆ ಆ ಬೆರಳಗಲದ ನೆರಳೂ ತಂಬಿಗೆಯ ಬುಡದೊಳಗೆ ಸರಿದುಹೋಯಿತು. ಹುಡುಗರು ತಮ್ಮ ನೆರಳನ್ನು ಹುಡುಕುತ್ತ ಒಂಟಿಗಾಲಲ್ಲಿ ಕುಣಿದರು. ಕಟ್ಟೆಯ ಮೇಲಿದ್ದ ಮುದುಕರೊಬ್ಬರು, “ನೆರಳಿಗೂ ಬಿಸಲ ತಡೀವಲ್ದು ತಮ್ಮಾ, ಕಾಲಬುಡಕ ಬಂದು ಕುಂತದ” ಅಂದರು. ತಿದ್ದಲು ಬಾಯಿ ತೆರೆದ ಮಾಸ್ತರು, ಯಾಕೋ, ತಿದ್ದಲಿಲ್ಲ.

ಮನೆಯವರ ಸಹನೆಗೆ ಇನ್ನೂ ಯಾರೂ ಅಳತೆಗೋಲು ಮಾಡಿಲ್ಲ. ಮಗನ ಮದುವೆ ಮುಗಿದು ಸೊಸೆ ಮನೆ ತುಂಬುವ ಹೊತ್ತು. ಹೊಸ್ತಿಲ ಹೊರಗೆ ಮದುಮಕ್ಕಳು, ಒಳಗೆ ಮಾಸ್ತರ ಹೆಂಡತಿ ಆರತಿ ತಾಟು ಹಿಡಿದು ನಿಂತಿದ್ದಾರೆ. ಅರಿಶಿಣಕ್ಕೆ ಸುಣ್ಣ ಕಲಸಿದ ಕೆಂಪು ನೀರು, ಪಕ್ಕದಲ್ಲಿ ದೃಷ್ಟಿ ತೆಗೆಯಲು ಹೆಚ್ಚಿಟ್ಟ ಲಿಂಬೆಹಣ್ಣು. ಅಷ್ಟು ಮಂದಿ ಒಂದೇ ಕಡೆ ಕಣ್ಣಿಟ್ಟಿರುವುದನ್ನು ಕಂಡು ಮಾಸ್ತರಿಗೆ ತಡೆಯಲಾಗಲಿಲ್ಲ. “ಒಂದ ನಿಮಿಷ” ಅಂದವರೇ ಲಿಂಬೆಹಣ್ಣು ಹಿಂಡಿದರು. ಕೆಂಪು ಹೋಗಿ ನೀರು ಹಳದಿಯಾಯಿತು.

ಸೋಬಾನೆ ಅರ್ಧಕ್ಕೇ ನಿಂತಿತು. “ಅಯ್ಯ ಅಣ್ಣಾ, ಇದೇನ ಮಾಡಿದ್ಯೋ!” ತಂಗಿ ಎದೆ ಹಿಡಿದುಕೊಂಡಳು.

“ಏನೂ ಆಗಿಲ್ಲವ್ವ. ಹುಳಿ ಬಿದ್ರ ಹಳದಿ, ಸುಣ್ಣ ಬಿದ್ರ ಕೆಂಪು. ಸುಣ್ಣ ತಾ.”

ಅಜ್ಜಿಯ ಚಂಚಿಯಿಂದ ಸುಣ್ಣದ ಡಬ್ಬಿ ಬಂತು. ಒಂದು ಚಿಟಿಕೆ ಹಾಕಿದರು, ಹಳದಿ. ಇನ್ನೊಂದು, ಹಳದಿ. ಹೊರಗೆ ಬಿಸಿಲಲ್ಲಿ ಇಳಕಲ್ ಸೀರೆಯ ಭಾರ ಹೊತ್ತು ನಿಂತಿದ್ದ ಸೊಸೆ ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಹೇಳಿದಳು: “ಮಾವಾರಿ, ಇಡೀ ಹಣ್ಣ ಹಿಂಡೀರಿ, ಹುಳಿ ಭಾಳ ಆಗ್ಯದ. ಡಬ್ಬೀನೇ ಸುರೀರಿ.”

ಸುರಿದರು. ನೀರು ಮತ್ತೆ ಕೆಂಪಾಯಿತು. ಮಾಸ್ತರು ಗೆದ್ದವರ ಹಾಗೆ ಸುತ್ತ ನೋಡಿ, “ಕೇಳಿದ್ರ್ಯಾ?” ಅಂದರು.

ಹೆಂಡತಿ ಆರತಿ ಎತ್ತಿ ಅಂದರು: “ಬಾರವ್ವ ಒಳಗ. ನನಗ ಇವರೊಬ್ಬರ ಸಾಕಾಗಿದ್ರು.”